ಮದುವೆ ಜವಳಿಗೆ ಬೆಂಗಳೂರಿಗೆ: ಸಿಟಿ ಸ್ಟೇಷನ್‌ನಿಂದ ಚಿಕ್ಕಪೇಟೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮದುವೆ ನಿಶ್ಚಯವಾದ ಮನೆಯಲ್ಲಿ ಲಗ್ನಪತ್ರಿಕೆ ಬರೆಸಿದ ಮೇಲೆ ಎದುರಾಗುವ ದೊಡ್ಡ ಕೆಲಸವೆಂದರೆ ಜವಳಿ ತೆಗೆಯುವುದು. ಮಂಡ್ಯ, ತುಮಕೂರು, ಹಾಸನ, ಕೋಲಾರ, ಚಿತ್ರದುರ್ಗದ ಕಡೆಯವರು ತಲೆಮಾರುಗಳಿಂದ ಈ ಕೆಲಸಕ್ಕಾಗಿ ಬೆಂಗಳೂರಿನ ಚಿಕ್ಕಪೇಟೆಗೆ ಬರುತ್ತಿದ್ದಾರೆ. ಬಂದವರಲ್ಲಿ ಅನೇಕರು ಮಧ್ಯಾಹ್ನದ ಹೊತ್ತಿಗೆ ದಣಿದು, ಧಾರೆ ಸೀರೆಯನ್ನು ಅವಸರದಲ್ಲಿ ಆರಿಸಿ, ಪಟ್ಟಿಯಲ್ಲಿ ಅರ್ಧ ಉಳಿಸಿಕೊಂಡು ಹಿಂದಿರುಗುತ್ತಾರೆ. ಬಾಡಿಗೆ ಕಾರಿನಲ್ಲಿ ಬಂದವರ ಪಾಡು ಇನ್ನೂ ಕಷ್ಟದ್ದು. ಪೇಟೆಯ ಬೀದಿಗಳಲ್ಲಿ ವಾಹನ ನಿಲ್ಲಿಸಲು ಜಾಗವೇ ಇಲ್ಲ, ಚಾಲಕ ಎಲ್ಲೋ ದೂರದಲ್ಲಿ ಕಾಯುತ್ತಿರುತ್ತಾನೆ, ಮನೆಯವರು ಗಂಟು ಹೊತ್ತುಕೊಂಡು ಅವನನ್ನು ಹುಡುಕುತ್ತಿರುತ್ತಾರೆ.

ಈ ಕೆಲಸಕ್ಕೆ ರೈಲಿಗಿಂತ ಉತ್ತಮವಾದ ದಾರಿಯಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಿಟಿ ಸ್ಟೇಷನ್‌ನಿಂದ ಚಿಕ್ಕಪೇಟೆಗೆ ಇರುವ ದೂರ ಸುಮಾರು ಒಂದೂವರೆ ಕಿಲೋಮೀಟರ್ ಮಾತ್ರ. ನಿಲ್ದಾಣವನ್ನು ದಿನದ ನೆಲೆಯಾಗಿ ಇಟ್ಟುಕೊಂಡು, ಸಾಮಾನನ್ನು ಅಲ್ಲಿಯೇ ಇರಿಸಿ, ಬರಿಗೈಯಲ್ಲಿ ಪೇಟೆಯೊಳಗೆ ನಡೆದು, ಕಣ್ಣು ಮತ್ತು ಮನಸ್ಸು ಚುರುಕಾಗಿರುವಾಗ ಬೆಲೆಬಾಳುವುದನ್ನು ಆರಿಸಿ, ಭಾರದ ವಸ್ತುಗಳನ್ನು ಕೊನೆಗೆ ಕೊಂಡು ಹಿಂದಿರುಗಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಅದನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲ ಹಂತ: ದಿನ ಗೊತ್ತುಪಡಿಸುವುದು

ಪೇಟೆಯ ಸಗಟು ಅಂಗಡಿಗಳಲ್ಲಿ ಹೆಚ್ಚಿನವಕ್ಕೆ ಭಾನುವಾರ ರಜೆ. ನೌಕರಿಯಲ್ಲಿರುವವರು ರಜೆ ಉಳಿಸಲೆಂದು ಭಾನುವಾರವೇ ಹೊರಟುಬರುತ್ತಾರೆ. ಬಂದು ನೋಡಿದರೆ ತಾವು ಹುಡುಕಿಕೊಂಡು ಬಂದ ಅಂಗಡಿಗೇ ಬಾಗಿಲು ಹಾಕಿರುತ್ತದೆ, ಬೀದಿಯಲ್ಲಿ ತಳ್ಳುಗಾಡಿಯವರ ವ್ಯಾಪಾರ ಮಾತ್ರ ನಡೆಯುತ್ತಿರುತ್ತದೆ. ಮಂಗಳವಾರದಿಂದ ಗುರುವಾರದವರೆಗಿನ ಯಾವುದಾದರೂ ದಿನವನ್ನು ಆರಿಸಿಕೊಳ್ಳಿ. ಶನಿವಾರ ನಗರದವರೇ ಪೇಟೆಗೆ ಬರುವುದರಿಂದ ಅಂಗಡಿಯವರಿಗೆ ನಿಮ್ಮ ಮುಂದೆ ಸಮಾಧಾನವಾಗಿ ಸೀರೆ ಬಿಚ್ಚಿಹಾಕುವಷ್ಟು ಬಿಡುವು ಇರುವುದಿಲ್ಲ.

ಮದುವೆ ಶ್ರಾವಣದಲ್ಲೋ ಕಾರ್ತಿಕದಲ್ಲೋ ಇದ್ದರೆ ಜವಳಿಯನ್ನು ಆಷಾಢದಲ್ಲಿಯೇ ತೆಗೆಯುವುದು ಜಾಣತನ. ನಮ್ಮಲ್ಲಿ ಆಷಾಢದಲ್ಲಿ ಮದುವೆ ಮಾಡುವುದಿಲ್ಲವಾದ್ದರಿಂದ ವ್ಯಾಪಾರ ತಗ್ಗಿ, ಅಂಗಡಿಗಳು ರಿಯಾಯಿತಿ ಹಾಕುತ್ತವೆ. ಆಷಾಢದಲ್ಲಿ ಶುಭಕಾರ್ಯದ ವಸ್ತು ಕೊಳ್ಳಬಾರದೆಂದು ಹಿರಿಯರು ಆಕ್ಷೇಪಿಸಿದರೆ, ಧಾರೆ ಸೀರೆಯೊಂದನ್ನು ಮುಂದೆ ಒಳ್ಳೆಯ ದಿನ ನೋಡಿ ತೆಗೆದು, ಬಂಧುಗಳಿಗೆ ಕೊಡುವ ಉಡುಗೊರೆ ಸೀರೆಗಳನ್ನಾದರೂ ಆಗ ಕೊಳ್ಳಬಹುದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ, ಗೌರಿ ಗಣೇಶ ಮತ್ತು ದೀಪಾವಳಿಯ ಹಿಂದಿನ ದಿನಗಳಲ್ಲಿ ಪೇಟೆಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಹಳೆಯ ಪೇಟೆಯ ಬೀದಿಗಳಲ್ಲೆಲ್ಲ ಸಂಚರಿಸುವುದರಿಂದ, ಆ ದಿನ ಮತ್ತು ಮರುದಿನ ಕೊಳ್ಳುವ ಕೆಲಸ ಇಟ್ಟುಕೊಳ್ಳಬೇಡಿ. ಕರಗವನ್ನು ನೋಡಲೆಂದೇ ಬರುವುದಾದರೆ ಅದು ಬೇರೆಯದೇ ಪ್ರಯಾಣ, ಬರಲೇಬೇಕಾದದ್ದು.

ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ ಪ್ರಯಾಣದ ದಿನಕ್ಕೆ 60 ದಿನ ಮೊದಲು ತೆರೆಯುತ್ತದೆ. ದಿನ ಗೊತ್ತಾದ ಕೂಡಲೇ ಹೋಗುವ ಹಾಗೂ ಹಿಂದಿರುಗುವ ಎರಡೂ ಟಿಕೆಟ್ ಮಾಡಿಸಿಬಿಡಿ. ಹಿಂದಿರುಗುವ ರೈಲು ಸಂಜೆ ಏಳರ ನಂತರದ್ದಾಗಿದ್ದರೆ ಕೊಳ್ಳುವಾಗ ಗಡಿಯಾರ ನೋಡುವ ಆತಂಕ ಇರುವುದಿಲ್ಲ. ಇನ್ನು ಜನರ ಲೆಕ್ಕ: ನಾಲ್ಕು ಮಂದಿಗಿಂತ ಹೆಚ್ಚು ಬೇಡ. ವಧು, ತಾಯಿ, ಬಟ್ಟೆಯ ಗುಣ ಬಲ್ಲ ಒಬ್ಬ ಹಿರಿಯ ಹೆಂಗಸು, ಗಂಟು ಹೊರಬಲ್ಲ ಒಬ್ಬ ತಮ್ಮನೋ ಮಾವನೋ ಇದ್ದರೆ ಸಾಕು. ಹತ್ತು ಜನ ಬಂದರೆ ಹತ್ತು ರುಚಿಗಳು ಕೂಡಿ, ನಡುವೆ ಕುಳಿತ ಹುಡುಗಿಯ ಇಷ್ಟವನ್ನು ಕೇಳುವವರೇ ಇಲ್ಲದಂತಾಗುತ್ತದೆ.

ಎರಡನೆಯ ಹಂತ: ಟಿಕೆಟ್ಟಿನಲ್ಲಿ ಯಾವ ನಿಲ್ದಾಣವಿದೆ ಎಂದು ನೋಡುವುದು

ಬೆಂಗಳೂರಿಗೆ ಬರುವ ರೈಲುಗಳೆಲ್ಲ ಸಿಟಿ ಸ್ಟೇಷನ್‌ಗೆ ಬರುವುದಿಲ್ಲ. ಜನ ಇಂದಿಗೂ ಸಿಟಿ ಸ್ಟೇಷನ್ ಅಥವಾ ಮೆಜೆಸ್ಟಿಕ್ ಎಂದು ಕರೆಯುವ ನಿಲ್ದಾಣದ ಈಗಿನ ಹೆಸರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಬೆಂಗಳೂರು. ಹೆಸರು ಬದಲಾದರೂ ಸಂಕೇತಾಕ್ಷರ ಹಳೆಯದೇ, ಎಸ್‌ಬಿಸಿ. ಯಶವಂತಪುರದ ಸಂಕೇತ ವೈಪಿಆರ್, ದಂಡು ನಿಲ್ದಾಣದ್ದು ಬಿಎನ್‌ಸಿ, 2022ರಲ್ಲಿ ರೈಲುಗಳ ಓಡಾಟ ಆರಂಭವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನದು ಎಸ್‌ಎಂವಿಬಿ. ಟಿಕೆಟ್ಟಿನಲ್ಲಿ ಈ ಮೂರು ನಾಲ್ಕು ಅಕ್ಷರಗಳನ್ನು ಓದಿಕೊಳ್ಳದೆ ಹೊರಟವರು ಬೆಳಗಿನ ಒಂದು ಗಂಟೆಯನ್ನು ನಗರ ದಾಟುವುದರಲ್ಲಿಯೇ ಕಳೆಯುತ್ತಾರೆ.

ಯಶವಂತಪುರಕ್ಕೆ ಬರುವ ರೈಲಾದರೆ ಚಿಂತೆಯಿಲ್ಲ. ನಿಲ್ದಾಣದ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೋ ಇದ್ದು, ಎಲ್ಲಿಯೂ ಬದಲಿಸದೆ ನೇರವಾಗಿ ಚಿಕ್ಕಪೇಟೆಯಲ್ಲಿ ಇಳಿಯಬಹುದು. ಬೈಯಪ್ಪನಹಳ್ಳಿಯ ಟರ್ಮಿನಲ್ ಮಾತ್ರ ಪೇಟೆಯಿಂದ ದೂರ. ಅಲ್ಲಿಂದ ಬಿಎಂಟಿಸಿ ಬಸ್ಸು ಅಥವಾ ಆಟೋದಲ್ಲಿ ನೇರಳೆ ಮಾರ್ಗದ ಮೆಟ್ರೋ ತಲುಪಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಬೇಕು. ಆದ್ದರಿಂದ ಸಾಧ್ಯವಿದ್ದಷ್ಟು ಎಸ್‌ಬಿಸಿಗೆ ಬರುವ ರೈಲನ್ನೇ ಹಿಡಿಯಿರಿ. ನಿಲ್ದಾಣದ ಕಾಮಗಾರಿಗಳಿಂದಾಗಿ ಕೆಲವು ರೈಲುಗಳು ಆಗಾಗ ಬೇರೆ ನಿಲ್ದಾಣದಿಂದ ಓಡುವುದುಂಟು. ಹೊರಡುವ ಹಿಂದಿನ ದಿನ 139ಕ್ಕೆ ಕರೆಮಾಡಿ ಖಚಿತಪಡಿಸಿಕೊಳ್ಳಿ.

ಮೂರನೆಯ ಹಂತ: ಪಟ್ಟಿಯನ್ನು ಬೀದಿಯ ಪ್ರಕಾರ ಬರೆಯುವುದು

ಮನೆಯಲ್ಲಿ ಪಟ್ಟಿ ಮಾಡುವಾಗ ಹುಡುಗಿಗೆ, ಅಳಿಯನಿಗೆ, ಬೀಗರಿಗೆ, ಅತ್ತೆಯಂದಿರಿಗೆ ಎಂದು ಜನರ ಪ್ರಕಾರ ಬರೆಯುವುದು ರೂಢಿ. ಯಾರನ್ನೂ ಮರೆಯದಿರಲು ಅದು ಬೇಕು. ಆದರೆ ಪೇಟೆಗೆ ಒಯ್ಯುವ ಪಟ್ಟಿಯನ್ನು ಬೀದಿಯ ಪ್ರಕಾರ ಮತ್ತೊಮ್ಮೆ ಬರೆದುಕೊಳ್ಳಿ.

ಇದಕ್ಕೆ ಪೇಟೆಯ ರಚನೆ ತಿಳಿದಿರಬೇಕು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿಗೆ ಎರಡು ಮುಖ್ಯ ಬೀದಿಗಳಿದ್ದವು: ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಎರಡೂ ಕೂಡುವ ಚೌಕ ಇಂದಿಗೂ ಪೇಟೆಯ ನಡುಬಿಂದು, ಅಲ್ಲಿಂದಲೇ ದಿಕ್ಕು ಲೆಕ್ಕಹಾಕಿ. ಉತ್ತರದ ಅಂಚಿನಲ್ಲಿ ಮೆಜೆಸ್ಟಿಕ್‌ನಿಂದ ಮೈಸೂರು ಬ್ಯಾಂಕ್ ವೃತ್ತದವರೆಗೆ ಕೆಂಪೇಗೌಡ ರಸ್ತೆ ಇದೆ. ಅದರಿಂದ ದಕ್ಷಿಣಕ್ಕೆ ಇಳಿಯುವ ಬೀದಿಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಎಣಿಸುತ್ತ ಹೋದರೆ ಕಾಟನ್‌ಪೇಟೆ, ಬಳೇಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಅವೆನ್ಯೂ ರಸ್ತೆ ಸಿಗುತ್ತವೆ. ದಕ್ಷಿಣದ ತುದಿಯಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡವರು ಯಾವ ಓಣಿಯಲ್ಲಿ ಹೊಕ್ಕರೂ ದಾರಿ ತಪ್ಪುವುದಿಲ್ಲ.

ಪಟ್ಟಿಯಲ್ಲಿ ಚಿಕ್ಕಪೇಟೆಯ ಕೆಳಗೆ ಸೀರೆ, ಪಂಚೆ, ಶಲ್ಯ, ರವಿಕೆ ಬಟ್ಟೆ, ಸುಲ್ತಾನ್‌ಪೇಟೆಯ ಕೆಳಗೆ ಆಹ್ವಾನ ಪತ್ರಿಕೆ, ಅವೆನ್ಯೂ ರಸ್ತೆ ಮತ್ತು ರಾಜಾ ಮಾರ್ಕೆಟ್ ಕೆಳಗೆ ಬೆಳ್ಳಿ ಬಂಗಾರ, ಮಾಮೂಲ್‌ಪೇಟೆಯ ಕೆಳಗೆ ತಾಂಬೂಲದ ಚೀಲ ಮತ್ತು ಬಂದವರಿಗೆ ಕೊಡುವ ಸಣ್ಣ ಉಡುಗೊರೆಗಳು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕೆಳಗೆ ಮನೆಗೆ ಬೇಕಾದ ದೀಪದ ಸರಗಳು ಎಂದು ಬರೆದುಕೊಳ್ಳಿ. ಪ್ರತಿ ಸೀರೆಯ ಮುಂದೆಯೂ ಗರಿಷ್ಠ ಬೆಲೆಯನ್ನು ಮನೆಯಲ್ಲಿಯೇ ಬರೆದಿರಬೇಕು. ರಾಶಿ ರಾಶಿ ರೇಷ್ಮೆಯ ಮುಂದೆ ಕುಳಿತು ಬೆಲೆ ನಿಶ್ಚಯಿಸಲು ಹೊರಟರೆ ಕೈ ಮೀರುತ್ತದೆ.

ನಾಲ್ಕನೆಯ ಹಂತ: ರೈಲಿನಿಂದ ಇಳಿದ ಮೇಲೆ

ಸಿಟಿ ಸ್ಟೇಷನ್‌ನಲ್ಲಿ 10 ಪ್ಲಾಟ್‌ಫಾರಂಗಳಿವೆ. ಒಂದನೆಯದರ ಕಡೆಗೆ ಮೆಜೆಸ್ಟಿಕ್‌ಗೆ ಮುಖಮಾಡಿದ ಮುಖ್ಯದ್ವಾರ, ಹತ್ತನೆಯದರ ಕಡೆಗೆ ಓಕಳಿಪುರದ ಹಿಂಬದಿಯ ದ್ವಾರ. ಪೇಟೆಗೆ ಹೋಗುವವರು ಮುಖ್ಯದ್ವಾರದ ಕಡೆಗೇ ಬರಬೇಕು. ಇಳಿದ ಕೂಡಲೇ ಜನರ ಜೊತೆ ನುಗ್ಗದೆ, ಒಂದೆರಡು ನಿಮಿಷ ಬೆಂಚಿನ ಬಳಿ ನಿಂತು ಎಲ್ಲರೂ ಕೂಡಿಕೊಂಡು ಹೊರಡಿ. ವಯಸ್ಸಾದವರಿದ್ದರೆ ಎಸ್ಕಲೇಟರ್ ಅಥವಾ ಲಿಫ್ಟ್ ಎಲ್ಲಿದೆಯೆಂದು ಕೇಳಿ.

ಸಾಮಾನು ಇಡಲು ಕ್ಲೋಕ್ ರೂಮ್ ಇದೆ. ಅಲ್ಲಿ ಸಾಮಾನು ತೆಗೆದುಕೊಳ್ಳಬೇಕಾದರೆ ನಿಮ್ಮ ಬಳಿ ರೈಲು ಟಿಕೆಟ್ ಮತ್ತು ಗುರುತಿನ ಚೀಟಿ ಇರಬೇಕು, ಚೀಲಕ್ಕೆ ಬೀಗ ಹಾಕಿರಬೇಕು. ಬೀಗವಿಲ್ಲದ ಬಟ್ಟೆಯ ಚೀಲವನ್ನು ಸ್ವೀಕರಿಸುವುದಿಲ್ಲವಾದ್ದರಿಂದ ಮನೆಯಿಂದಲೇ ಒಂದು ಸಣ್ಣ ಬೀಗ ತನ್ನಿ. ರಸೀದಿಯನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟು, ಮೂಲವನ್ನು ಗುಂಪಿನಲ್ಲಿ ಜವಾಬ್ದಾರಿಯುಳ್ಳ ಒಬ್ಬರೇ ಇಟ್ಟುಕೊಳ್ಳಲಿ. ಹಣ, ಒಡವೆ, ಔಷಧಿಗಳನ್ನು ಎಂದಿಗೂ ಅಲ್ಲಿ ಬಿಡಬೇಡಿ. ಬರುವಾಗ ಒಂದು ದೊಡ್ಡ ಖಾಲಿ ಸೂಟ್‌ಕೇಸ್ ತಂದು ಇಲ್ಲಿ ಇಟ್ಟರೆ ಸಂಜೆ ಬಟ್ಟೆಗಳನ್ನು ಅದರಲ್ಲಿ ಜೋಡಿಸಿಕೊಳ್ಳಬಹುದು. ಅಂಗಡಿಯವರು ಕೊಡುವ ತೆಳುವಾದ ಕೈಚೀಲಗಳು ರೈಲಿನ ನೂಕುನುಗ್ಗಲಿನಲ್ಲಿ ಹರಿಯುತ್ತವೆ.

ಹೆಂಗಸರಿಗೆ ಮುಖ್ಯವಾದ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಪೇಟೆಯೊಳಗೆ ಶುಚಿಯಾದ ಶೌಚಾಲಯ ಸಿಗುವುದು ಬಹಳ ಕಷ್ಟ. ಇದಕ್ಕೆ ಹೆದರಿ ದಿನವಿಡೀ ನೀರು ಕುಡಿಯದೆ ತಿರುಗುವ ತಾಯಂದಿರನ್ನು ಕಂಡರೆ ಸಂಕಟವಾಗುತ್ತದೆ, ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಅದು ಅಪಾಯವೂ ಹೌದು. ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ ಮುಖ ತೊಳೆದು, ಎಲ್ಲ ಮುಗಿಸಿಕೊಂಡು ಹೊರಡಿ. ಮಧ್ಯಾಹ್ನ ಊಟಕ್ಕೆ ಕುಳಿತು ತಿನ್ನುವಂಥ ಹೋಟೆಲನ್ನೇ ಆರಿಸಿ. ನಡುವೆ ತೀರಾ ಅಗತ್ಯಬಿದ್ದರೆ ದೊಡ್ಡ ಸೀರೆ ಅಂಗಡಿಯಲ್ಲಿ ಕೇಳಿ, ಗಿರಾಕಿಗಳಿಗೆ ಇಲ್ಲವೆನ್ನುವುದಿಲ್ಲ.

ಐದನೆಯ ಹಂತ: ಅಂಗಡಿ ತೆರೆಯುವವರೆಗಿನ ಹೊತ್ತು

ರಾತ್ರಿ ರೈಲಿನಲ್ಲಿ ಬಂದವರು ಆರು, ಏಳು ಗಂಟೆಗೆ ಇಳಿಯುತ್ತಾರೆ. ಜವಳಿ ಅಂಗಡಿಗಳ ಬಾಗಿಲು ತೆರೆದು, ದೀಪ ಹಚ್ಚಿ, ವ್ಯಾಪಾರ ಕುದುರುವಾಗ ಹತ್ತೂವರೆ ದಾಟಿರುತ್ತದೆ. ಈ ಹೊತ್ತಿನಲ್ಲಿ ಮದುವೆಯ ಹೂವಿನ ವಿಚಾರ ಮುಗಿಸಬಹುದು.

ಕೃಷ್ಣರಾಜೇಂದ್ರ ಮಾರುಕಟ್ಟೆಯ (ಅಲ್ಲಿಗೆ ಹೋಗುವ ಬಗೆ ಮುಂದಿನ ಹಂತದಲ್ಲಿದೆ) ಹೂವಿನ ಸಗಟು ವ್ಯಾಪಾರ ನಸುಕಿಗೇ ಆರಂಭವಾಗಿ, ಬಿಸಿಲೇರುವ ಹೊತ್ತಿಗೆ ಅದರ ಬಿರುಸು ತಗ್ಗುತ್ತದೆ. ಸೇವಂತಿಗೆ, ಗುಲಾಬಿ, ಸುಗಂಧರಾಜ, ಚೆಂಡುಹೂವು ಬಿಡಿಯಾಗಿ ತೂಕದಲ್ಲಿಯೂ, ಕಟ್ಟಿದ ಮಲ್ಲಿಗೆ ಕನಕಾಂಬರ ಮಾರಿನ ಲೆಕ್ಕದಲ್ಲಿಯೂ ಮಾರಾಟವಾಗುತ್ತವೆ. ಇಂದು ಕೊಂಡ ಹೂವು ಮದುವೆಗೆ ಉಳಿಯುವುದಿಲ್ಲವಾದ್ದರಿಂದ, ಹಾರ ಕಟ್ಟುವವರೊಂದಿಗೆ ಮಾತಾಡಿ, ವಧೂವರರ ಹಾರದ ಮಾದರಿ ಮತ್ತು ಬೆಲೆ ಒಪ್ಪಿಕೊಂಡು, ಮುಂಗಡ ಕೊಟ್ಟು, ಮದುವೆಯ ಹಿಂದಿನ ದಿನ ಯಾವ ಬಸ್ಸಿಗೆ ಹಾಕಿಕೊಡುತ್ತಾರೆಂದು ಗೊತ್ತುಮಾಡಿಕೊಳ್ಳಿ. ಶ್ರಾವಣ ಶುಕ್ರವಾರಗಳ ಅಕ್ಕಪಕ್ಕದಲ್ಲಿ ಮದುವೆಯಿದ್ದರೆ ಬೆಲೆಯನ್ನು ಮೊದಲೇ ಕಡ್ಡಿ ಮುರಿದಂತೆ ಹೇಳಿಸಿಕೊಳ್ಳಬೇಕು, ಆ ದಿನಗಳಲ್ಲಿ ದರ ಹಲವು ಪಟ್ಟು ಏರುತ್ತದೆ. ಮಾರುಕಟ್ಟೆಯ ನೆಲ ಸದಾ ಒದ್ದೆ. ಹಿಡಿತವುಳ್ಳ ಚಪ್ಪಲಿ ಇರಲಿ, ಸೀರೆಯ ನೆರಿಗೆ ಸ್ವಲ್ಪ ಮೇಲಿರಲಿ.

ಅಲ್ಲಿಂದ ತಿಂಡಿಗೆ ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನಕ್ಕೆ ಹೋಗಬಹುದು. ಪೇಟೆಯ ವ್ಯಾಪಾರಿಗಳೂ ಗುಮಾಸ್ತರೂ ದಶಕಗಳಿಂದ ತಿನ್ನುತ್ತ ಬಂದಿರುವ ಹೋಟೆಲು, ಕುಳಿತು ಸುಧಾರಿಸಿಕೊಳ್ಳಲು ತಕ್ಕದ್ದು. ಹೊಟ್ಟೆ ತುಂಬ ತಿನ್ನಿ, ಮುಂದಿನ ಊಟಕ್ಕೆ ಮಧ್ಯಾಹ್ನ ಎರಡು ಗಂಟೆಯಾದರೂ ಆಗುತ್ತದೆ.

ಆರನೆಯ ಹಂತ: ನಿಲ್ದಾಣದಿಂದ ಪೇಟೆಗೆ

ಗುಬ್ಬಿ ತೋಟದಪ್ಪ ರಸ್ತೆಯನ್ನು ಮೇಲಿನಿಂದ ದಾಟುವ ಸಾಹಸ ಮಾಡಬೇಡಿ. ನಿಲ್ದಾಣದ ಎದುರಿನಿಂದ ಬಸ್ ನಿಲ್ದಾಣಕ್ಕೆ ಸುರಂಗದಾರಿ ಇದೆ. ಅದರಲ್ಲಿ ಜನ ದಟ್ಟವಾಗಿರುತ್ತಾರೆ, ಇಕ್ಕೆಲದಲ್ಲಿ ಸಣ್ಣ ವ್ಯಾಪಾರಿಗಳಿರುತ್ತಾರೆ. ಕೈಚೀಲವನ್ನು ಎದೆಯ ಮುಂದೆ ಹಿಡಿದು, ನಿಲ್ಲದೆ ನಡೆಯಿರಿ. ಇಂದು ಬಸ್ಸುಗಳು ತುಂಬಿರುವ ಈ ತಗ್ಗು ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತು. ಜೋರು ಮಳೆ ಬಂದಾಗ ಸುತ್ತಲ ನೀರೆಲ್ಲ ಇತ್ತಲೇ ಹರಿದುಬರುವುದಕ್ಕೆ ಅದೂ ಒಂದು ಕಾರಣ, ಆದ್ದರಿಂದ ಮಳೆಗಾಲದ ಸಂಜೆಗಳಲ್ಲಿ ಹಿಂದಿರುಗಲು ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಬಸ್ ನಿಲ್ದಾಣದ ಪಕ್ಕದಲ್ಲೇ ನಾಡಪ್ರಭು ಕೆಂಪೇಗೌಡ, ಅಂದರೆ ಮೆಜೆಸ್ಟಿಕ್, ಮೆಟ್ರೋ ನಿಲ್ದಾಣ. ಅಲ್ಲಿಂದ ಹಸಿರು ಮಾರ್ಗದಲ್ಲಿ ರೇಷ್ಮೆ ಸಂಸ್ಥೆ ನಿಲ್ದಾಣದ ಕಡೆಗೆ ಹೋಗುವ ರೈಲು ಹತ್ತಿದರೆ ಮುಂದಿನದೇ ಚಿಕ್ಕಪೇಟೆ, ಅದರಾಚೆಯದು ಕೃಷ್ಣರಾಜೇಂದ್ರ ಮಾರುಕಟ್ಟೆ. 2017ರಲ್ಲಿ ಈ ಭಾಗ ತೆರೆದ ಮೇಲೆ ಪೇಟೆಗೆ ಬರುವವರ ಕಷ್ಟ ಬಹಳ ತಗ್ಗಿದೆ. ಮೊಣಕಾಲು ನೋವಿನವರು ಮೆಟ್ರೋದಲ್ಲಿಯೇ ಬರಲಿ. ನಡೆಯಬಲ್ಲವರಿಗೆ ಮಾತ್ರ ನನ್ನ ಸಲಹೆ ಬೇರೆ: ಮೆಟ್ರೋಗಾಗಿ ಕೆಳಗಿಳಿದು, ತಪಾಸಣೆ ಮುಗಿಸಿ, ಮತ್ತೆ ಮೇಲೆ ಬರುವಷ್ಟರಲ್ಲಿ ಉಪ್ಪಾರಪೇಟೆಯ ಮಾರ್ಗವಾಗಿ ಕಾಲ್ನಡಿಗೆಯಲ್ಲೇ ಚಿಕ್ಕಪೇಟೆ ತಲುಪಿರಬಹುದು, ದಾರಿಯ ಪರಿಚಯವೂ ಆಗುತ್ತದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯುಳ್ಳ ಹೆಂಗಸರಿಗೆ ಶಕ್ತಿ ಯೋಜನೆಯಡಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಮಾರುಕಟ್ಟೆಗೆ ಹೋಗುವ ಬಸ್ಸುಗಳು ಮೆಜೆಸ್ಟಿಕ್‌ನಿಂದ ಧಾರಾಳವಾಗಿ ಸಿಗುತ್ತವೆ.

ಏಳನೆಯ ಹಂತ: ಸೀರೆ ಆರಿಸುವುದು

ದಿನದ ಹೆಚ್ಚಿನ ಹೊತ್ತು, ಹೆಚ್ಚಿನ ಹಣ ಹೋಗುವುದು ಇಲ್ಲಿ. ಆದ್ದರಿಂದ ಪೇಟೆಗೆ ಬಂದ ಕೂಡಲೇ ಬೇರೆ ಯಾವ ಅಂಗಡಿಗೂ ಹೋಗದೆ ಧಾರೆ ಸೀರೆಗೇ ಕುಳಿತುಕೊಳ್ಳಿ.

ಚಿಕ್ಕಪೇಟೆಯ ಬಾಯಿಗೆ ಬರುತ್ತಿದ್ದಂತೆ ಕೆಲವರು ಹತ್ತಿರ ಬಂದು, ಒಳ್ಳೆಯ ಅಂಗಡಿ ತೋರಿಸುತ್ತೇವೆ, ಮೇಲೆ ಬನ್ನಿ ಎಂದು ಕರೆಯುತ್ತಾರೆ. ಅವರ ಹಿಂದೆ ಹೋದರೆ ಅವರ ಪಾಲಿನ ಹಣವೂ ನಿಮ್ಮ ಸೀರೆಯ ಬೆಲೆಯಲ್ಲಿ ಸೇರುತ್ತದೆ. ಬೇಡಪ್ಪ ಎಂದು ಒಮ್ಮೆ ಹೇಳಿ ಮುಂದೆ ನಡೆದರೆ ಸಾಕು. ಊರಿನಲ್ಲಿ ಈಚೆಗೆ ಮದುವೆ ಮಾಡಿದವರಿಂದ ಎರಡು ಮೂರು ಅಂಗಡಿಗಳ ಹೆಸರು ಕೇಳಿಕೊಂಡು ಬಂದಿರುವುದು ಉತ್ತಮ. ಇಲ್ಲಿನ ಹಳೆಯ ಅಂಗಡಿಗಳಲ್ಲಿ ಹಲವು ಮೊದಲ ಮಹಡಿಯಲ್ಲೋ ನೆಲಮಾಳಿಗೆಯಲ್ಲೋ ಇರುತ್ತವೆ, ಬೀದಿಯಿಂದ ಕಾಣುವುದು ಕಿರಿದಾದ ಮೆಟ್ಟಿಲು ಮಾತ್ರ. ಒಳಗೆ ಹೋದರೆ ಬಿಳಿಯ ಹಾಸಿನ ಗದ್ದಿಗೆಯ ಮೇಲೆ ಕೂರಿಸಿ ಸೀರೆ ಹರಡುತ್ತಾರೆ. ಕುಳಿತ ತಕ್ಷಣ ಎರಡು ಮಾತು ಕೇಳಿ: ಬಿಡಿಯಾಗಿ ಕೊಡುತ್ತೀರಾ ಅಥವಾ ಸಗಟು ಮಾತ್ರವೇ, ಬೆಲೆ ನಿಗದಿಯೇ ಅಥವಾ ಮಾತಾಡಬಹುದೇ. ನಿಗದಿ ಬೆಲೆಯ ಅಂಗಡಿಯಲ್ಲಿ ಚೌಕಾಸಿ ಮಾಡಿ ಹೊತ್ತು ಕಳೆಯಬೇಕಾಗಿಲ್ಲ.

ಬಟ್ಟೆಯ ಪರೀಕ್ಷೆಯಲ್ಲಿ ಮೂರು ಪ್ರಶ್ನೆಗಳಿವೆ, ಜನ ಇವನ್ನು ಒಂದೆಂದು ತಿಳಿದು ಮೋಸಹೋಗುತ್ತಾರೆ. ರೇಷ್ಮೆ ಶುದ್ಧವೇ, ಜರಿ ಎಂಥದು, ಮಗ್ಗ ಯಾವುದು. ಸಿಲ್ಕ್ ಮಾರ್ಕ್ ಎಂಬ ಹೊಲೊಗ್ರಾಂ ಇರುವ ಚೀಟಿ ರೇಷ್ಮೆಯ ಶುದ್ಧತೆಗೆ ಮಾತ್ರ ಸಾಕ್ಷಿ. ಬೆಂಗಳೂರಿನಲ್ಲಿಯೇ ಪ್ರಧಾನ ಕಚೇರಿಯಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಈ ಗುರುತು ನಡೆದುಬಂದಿದೆ. ಅದನ್ನು ತೋರಿಸಿದ ಮಾತ್ರಕ್ಕೆ ಜರಿಯೂ ಬೆಳ್ಳಿಯದೆಂದು ಅರ್ಥವಲ್ಲ, ಕೈಮಗ್ಗದ್ದೆಂದೂ ಅರ್ಥವಲ್ಲ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ.

ಜರಿಯಲ್ಲಿ ಶುದ್ಧ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಅದರ ಕೆಳಗೆ ತಾಮ್ರದ ತಂತಿಯ ಜರಿ, ಅದರ ಕೆಳಗೆ ಪ್ಲಾಸ್ಟಿಕ್ ಪಟ್ಟಿಯ ಜರಿ. ಮೂರೂ ಅಂಗಡಿಯ ದೀಪದಲ್ಲಿ ಒಂದೇ ಬಗೆಯಾಗಿ ಹೊಳೆಯುತ್ತವೆ. ಸೀರೆಯ ಹಿಂಬದಿಯಲ್ಲಿ ಒಂದು ಜರಿ ಎಳೆ ಬಿಚ್ಚಿ ತೋರಿಸಲು ಕೇಳಿ, ಉಗುರಿನಿಂದ ಕೆರೆದು ಒಳಗಿನ ಎಳೆ ನೋಡಿ. ಕಾಂಚೀಪುರದ ಶುದ್ಧ ಜರಿಯ ಒಡಲಲ್ಲಿ ಸಾಮಾನ್ಯವಾಗಿ ಕೆಂಪು ರೇಷ್ಮೆ ಎಳೆ ಕಾಣುತ್ತದೆ. ಬಿಳಿಯ ಎಳೆ ಕಂಡರೆ ಮರುಪ್ರಶ್ನೆ ಮಾಡಿ. ಶುದ್ಧ ಜರಿಯ ಬೆಲೆ ಕೊಡುವುದಾದರೆ ಬಿಲ್ಲಿನಲ್ಲಿ ಶುದ್ಧ ಜರಿ ಎಂದು ಬರೆಸಿಕೊಳ್ಳಿ. ಬರೆಯಲು ಒಪ್ಪದ ಅಂಗಡಿಯಿಂದ ಎದ್ದುಬನ್ನಿ. ರೇಷ್ಮೆಯ ಬಗ್ಗೆ ಅನುಮಾನವಿದ್ದರೆ ಅಂಚಿನ ಒಂದೆರಡು ಎಳೆಯನ್ನು ಅಂಗಡಿಯವರಿಂದಲೇ ಸುಡಿಸಿ ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಉಜ್ಜಿದರೆ ಬೂದಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಮೈಸೂರು ರೇಷ್ಮೆಯೇ ಬೇಕೆನ್ನುವವರು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮಳಿಗೆಗೇ ಹೋಗಬೇಕು. ಮೈಸೂರಿನ ಕಾರ್ಖಾನೆಯಲ್ಲಿ ನೇಯ್ದು ಬರುವ ಆ ಸೀರೆಗಳಿಗೆ ಭೌಗೋಳಿಕ ಗುರುತಿದೆ (ಜಿಐ ಟ್ಯಾಗ್), ಪ್ರತಿ ಸೀರೆಗೂ ತನ್ನದೇ ಸಂಖ್ಯೆ ಇರುತ್ತದೆ. ಪೇಟೆಯಲ್ಲಿ ಮೈಸೂರು ಸಿಲ್ಕ್ ಎಂದು ಕಡಿಮೆ ಬೆಲೆಗೆ ಮಾರುವ ಕ್ರೇಪ್ ಸೀರೆಗಳು ಚೆನ್ನಾಗಿಯೇ ಇರಬಹುದು, ಆದರೆ ಅವು ಆ ಸೀರೆಗಳಲ್ಲ. ನಮ್ಮ ನಾಡಿನ ಮೊಳಕಾಲ್ಮೂರು ಮತ್ತು ಇಳಕಲ್ ಸೀರೆಗಳನ್ನೂ ಕೇಳಿ ನೋಡಿ ಎಂದು ವಿಶೇಷವಾಗಿ ಹೇಳುತ್ತೇನೆ. ಕೇಳುವವರಿದ್ದರೆ ಅಂಗಡಿಯವರು ತರಿಸುತ್ತಾರೆ, ತರಿಸಿದರೆ ನೇಕಾರರ ಮಗ್ಗಗಳು ಉಳಿಯುತ್ತವೆ.

ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ನಿಶ್ಚಯಿಸಬೇಡಿ. ಮೆಚ್ಚಿದ ಎರಡು ಮೂರು ಸೀರೆಗಳನ್ನು ಬಾಗಿಲ ಬಳಿ ಹಗಲಿನ ಬೆಳಕಿಗೆ ಒಯ್ದು, ವಧುವಿನ ಹೆಗಲ ಮೇಲೆ ಹೊದಿಸಿ ನೋಡಿ. ಸೀರೆಯನ್ನು ಪೂರ್ತಿ ಬಿಚ್ಚಿಸಿ ಒಡಲಿನಲ್ಲಿ ಎಳೆ ಹೋಗಿದೆಯೇ, ಮಡಿಕೆಯಲ್ಲಿ ಬಣ್ಣ ಮಾಸಿದೆಯೇ, ರವಿಕೆಯ ಬಟ್ಟೆ ಕೂಡಿಕೊಂಡಿದೆಯೇ ಎಂದು ಪರೀಕ್ಷಿಸಿ. ರವಿಕೆ ಸೇರಿ ಉದ್ದ 6.2 ಮೀಟರಿನಷ್ಟಾದರೂ ಇರಬೇಕು. ಸೆರಗಿಗೆ ಕುಚ್ಚು ಕಟ್ಟಿಸುವುದು, ಫಾಲ್ ಹಚ್ಚಿಸುವುದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಅದನ್ನು ಊರಿನಲ್ಲಿ ಮಾಡಿಸುವುದೇ ಒಳ್ಳೆಯದು.

ಉಡುಗೊರೆ ಸೀರೆಗಳಿಗೆ ಇಷ್ಟೆಲ್ಲ ಪರೀಕ್ಷೆ ಬೇಡ. ಒಂದೇ ಅಂಗಡಿಯಲ್ಲಿ ಇಪ್ಪತ್ತು, ಮೂವತ್ತು ಒಟ್ಟಿಗೆ ತೆಗೆದುಕೊಂಡರೆ ಬೆಲೆ ತಾನಾಗಿ ಇಳಿಯುತ್ತದೆ. ಬೆಲೆ ಒಂದೇ ಇರಲಿ, ಬಣ್ಣ ಬೇರೆ ಇರಲಿ. ಯಾರಿಗೆ ಹೆಚ್ಚು ಯಾರಿಗೆ ಕಡಿಮೆ ಎಂಬ ಮಾತಿಗೆ ಎಡೆಯಿರುವುದಿಲ್ಲ. ಎಲ್ಲದಕ್ಕೂ ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲು ಪಡೆದು, ಬದಲಾಯಿಸಿಕೊಡುವ ಅವಧಿ ಎಷ್ಟು ದಿನವೆಂದು ಅದರ ಮೇಲೆಯೇ ಬರೆಸಿಕೊಳ್ಳಿ. ಬಿಲ್ಲಿಲ್ಲದೆ ಕಡಿಮೆ ಮಾಡಿಕೊಡುತ್ತೇನೆಂಬ ಮಾತಿಗೆ ಒಲಿದರೆ ಮುಂದೆ ಎಳೆ ಹೋದಾಗ ಕೇಳುವ ಹಕ್ಕೇ ಉಳಿಯುವುದಿಲ್ಲ.

ಎಂಟನೆಯ ಹಂತ: ಬೆಳ್ಳಿ, ಬಂಗಾರ

ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಸುತ್ತ ಬೆಳ್ಳಿ ಬಂಗಾರದ ಅಂಗಡಿಗಳು ಒತ್ತಾಗಿ ಸೇರಿಕೊಂಡಿವೆ. ಕುಂಕುಮ ಭರಣಿ, ಪಂಚಪಾತ್ರೆ, ಕಾಲುಂಗುರ, ಆರತಿ ತಟ್ಟೆಗೆ ಇಲ್ಲಿ ಆಯ್ಕೆ ಹೇರಳ. ಚಿನ್ನದ ಒಡವೆಯಲ್ಲಿ ಮೂರು ಗುರುತುಗಳಿರಬೇಕು: ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಚಿಹ್ನೆ, 22ಕೆ916 ಎಂಬಂತಹ ಶುದ್ಧತೆಯ ಸಂಖ್ಯೆ, ಎಚ್‌ಯುಐಡಿ ಎಂಬ ಆರು ಅಕ್ಷರಾಂಕಗಳ ಸಂಕೇತ. ಹಾಲ್‌ಮಾರ್ಕ್ ಒಡವೆಯನ್ನು ಈ ಆರಂಕಿಯ ಸಂಕೇತವಿಲ್ಲದೆ ಮಾರುವಂತಿಲ್ಲವೆಂದು 2023ರ ಏಪ್ರಿಲ್ 1ರಿಂದ ನಿಯಮವಾಗಿದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಕೇತವನ್ನು ಹಾಕಿದರೆ ಒಡವೆಯ ವಿವರ ಕಾಣುತ್ತದೆ. ಹಣ ಕೊಡುವ ಮೊದಲು ಅಂಗಡಿಯಲ್ಲಿ ಕುಳಿತೇ ನೋಡಿ. ಚಿನ್ನದ ದರ, ತೂಕ, ವೇಸ್ಟೇಜ್, ಮಜೂರಿ, ಕಲ್ಲಿನ ಬೆಲೆ ಇವಿಷ್ಟೂ ಬಿಲ್ಲಿನಲ್ಲಿ ಬೇರೆ ಬೇರೆಯಾಗಿರಬೇಕು, ಕಲ್ಲಿನ ತೂಕವನ್ನು ಚಿನ್ನದ ತೂಕಕ್ಕೆ ಸೇರಿಸಿರಬಾರದು.

ಆದರೂ ದೊಡ್ಡ ಒಡವೆಯನ್ನು ಇದೇ ದಿನ ಕೊಂಡು ಜನದಟ್ಟಣೆಯಲ್ಲಿ, ರೈಲಿನಲ್ಲಿ ಒಯ್ಯುವುದು ನನಗೆ ಒಪ್ಪಿಗೆಯಿಲ್ಲ. ಬೆಳ್ಳಿಯ ಸಣ್ಣ ವಸ್ತುಗಳನ್ನು ಇಲ್ಲಿ ಕೊಳ್ಳಿ, ತಾಳಿ ಸರಗಳನ್ನು ಊರಿನ ಪರಿಚಿತ ಅಕ್ಕಸಾಲಿಗರಲ್ಲಿ ಮಾಡಿಸಿ, ಅದಕ್ಕೂ ಹಾಲ್‌ಮಾರ್ಕ್ ಹಾಕಿಸಿ.

ಒಂಬತ್ತನೆಯ ಹಂತ: ಉಳಿದ ಬೀದಿಗಳು

ಊಟ ಮುಗಿಸಿ ಸುಲ್ತಾನ್‌ಪೇಟೆಗೆ ಹೋದರೆ ಆಹ್ವಾನ ಪತ್ರಿಕೆಯ ಅಂಗಡಿಗಳಿವೆ. ಹೆಸರು, ಮುಹೂರ್ತ, ಛತ್ರದ ವಿಳಾಸಗಳನ್ನು ಹಿರಿಯರಿಂದ ತಿದ್ದಿಸಿದ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದೇ ಹೋಗಿ. ಬೆರಳಚ್ಚಾದ ಕರಡನ್ನು ಇಬ್ಬರು ಬೇರೆ ಬೇರೆಯಾಗಿ ಓದಿ, ಒತ್ತಕ್ಷರ ಮತ್ತು ದೀರ್ಘಗಳನ್ನು ನೋಡಿ ಒಪ್ಪಿಗೆ ಕೊಡಿ. ಮುದ್ರಣ ಅದೇ ದಿನ ಆಗದಿದ್ದರೆ ಪಾರ್ಸೆಲ್ ಮಾಡಿಸಿಕೊಳ್ಳಬಹುದು.

ಮಾಮೂಲ್‌ಪೇಟೆಯ ಕಡೆ ತಾಂಬೂಲದ ಚೀಲ, ಡಬ್ಬಿ, ಸಣ್ಣ ಉಡುಗೊರೆಗಳು ಡಜನ್ ಲೆಕ್ಕದಲ್ಲಿ ಸಿಗುತ್ತವೆ. ಬಾಸಿಂಗ, ಅರಿಸಿನ ಕುಂಕುಮ, ಹೋಮದ ಸಾಮಗ್ರಿಗಳಿಗೆ ಗ್ರಂಥಿಗೆ ಅಂಗಡಿಯಲ್ಲಿ ಪುರೋಹಿತರ ಚೀಟಿಯನ್ನೇ ಕೊಟ್ಟುಬಿಟ್ಟರೆ ಪೊಟ್ಟಣ ಕಟ್ಟಿಕೊಡುತ್ತಾರೆ. ಅಳಿಯನಿಗೆ ಲ್ಯಾಪ್‌ಟಾಪ್‌ನಂಥದ್ದೇನಾದರೂ ಕೊಡುವ ಯೋಚನೆಯಿದ್ದರೆ ಸಾದರ ಪತ್ರಪ್ಪ ರಸ್ತೆ ಹತ್ತಿರವೇ ಇದೆ, ಆದರೆ ಅದಕ್ಕೆ ಬೇಕಾದ ತಾಳ್ಮೆ ಆ ಹೊತ್ತಿಗೆ ಉಳಿದಿರುವುದಿಲ್ಲ. ಅದನ್ನು ಇನ್ನೊಂದು ದಿನಕ್ಕೆ ಬಿಡಿ.

ಹತ್ತನೆಯ ಹಂತ: ಹಿಂದಿರುಗುವುದು

ರೈಲಿಗೆ ಎರಡು ಗಂಟೆ ಮೊದಲು ಪೇಟೆ ಬಿಡಿ. ಸಂಜೆ ಐದರಿಂದ ಎಂಟರವರೆಗೆ ಪೇಟೆಯ ರಸ್ತೆಗಳಲ್ಲಿ ಆಟೋ ಸರಿಯುವುದೇ ಇಲ್ಲ. ಸಾಮಾನು ಕೈಯಲ್ಲಿ ಹಿಡಿಯುವಷ್ಟಿದ್ದರೆ ಮೆಟ್ರೋ ನಿಶ್ಚಿತ ದಾರಿ: ಚಿಕ್ಕಪೇಟೆಯಿಂದ ಮೆಜೆಸ್ಟಿಕ್, ಬೇಕೆಂದರೆ ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಚಲ್ಲಘಟ್ಟದ ಕಡೆಗಿನ ಮುಂದಿನ ನಿಲ್ದಾಣವಾದ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ. ಮೆಟ್ರೋದಲ್ಲಿ ಚೀಲಗಳ ತಪಾಸಣೆ ಇರುವುದರಿಂದ ಹೋಮದ ತುಪ್ಪ, ಎಣ್ಣೆ, ಚಾಕು ಮುಂತಾದವು ಜೊತೆಯಲ್ಲಿ ಬೇಡ. ಗಂಟು ಭಾರವಾಗಿದ್ದರೆ ಆಟೋ ಮಾಡಿ. ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಅನಂತರ ಕಿಲೋಮೀಟರಿಗೆ 18 ರೂಪಾಯಿ. ಕೇಳುವ ಬೆಲೆ ನ್ಯಾಯವೋ ಅಲ್ಲವೋ ಎಂದು ಅಳೆಯಲು ಇದು ತಿಳಿದಿರಲಿ. ನಿಮ್ಮ ರೈಲು 8, 9 ಅಥವಾ 10ನೇ ಪ್ಲಾಟ್‌ಫಾರಂನಿಂದ ಹೊರಡುವುದಾದರೆ ಓಕಳಿಪುರದ ದ್ವಾರಕ್ಕೆ ಬಿಡಲು ಹೇಳಿ, ಮೇಲ್ಸೇತುವೆ ಹತ್ತಿಳಿಯುವ ಶ್ರಮ ಉಳಿಯುತ್ತದೆ. ಆದರೆ ಕ್ಲೋಕ್ ರೂಮ್‌ನಿಂದ ಸೂಟ್‌ಕೇಸ್ ಬಿಡಿಸಿಕೊಳ್ಳುವುದು ಇನ್ನೂ ಇದೆಯೆಂಬುದು ನೆನಪಿರಲಿ.

ರೈಲಿನಲ್ಲಿ ಒಬ್ಬ ಪ್ರಯಾಣಿಕರು ಉಚಿತವಾಗಿ ಒಯ್ಯಬಹುದಾದ ಸಾಮಾನು ಸ್ಲೀಪರ್ ದರ್ಜೆಯಲ್ಲಿ 40 ಕಿಲೋ, ಎರಡನೇ ದರ್ಜೆಯಲ್ಲಿ 35 ಕಿಲೋ. ನಾಲ್ವರ ಜವಳಿಗೆ ಇದು ಧಾರಾಳ. ಹಿತ್ತಾಳೆಯ ಹಂಡೆ, ದೊಡ್ಡ ಪಾತ್ರೆಗಳಂಥವನ್ನು ಮಾತ್ರ ಅಂಗಡಿಯವರ ಮೂಲಕ ಸಾಗಣೆ ಕಚೇರಿಗೋ ರೈಲ್ವೆ ಪಾರ್ಸೆಲ್‌ಗೋ ಹಾಕಿಸಿ. ಧಾರೆ ಸೀರೆ ಮತ್ತು ಬೆಳ್ಳಿಯನ್ನು ಸೂಟ್‌ಕೇಸಿನಲ್ಲಿ ಸೀಟಿನ ಕೆಳಗಿಡದೆ, ಒಬ್ಬರ ಮಡಿಲಲ್ಲೋ ತಲೆಯ ಬಳಿಯೋ ಇಟ್ಟುಕೊಳ್ಳಿ. ಬೀಳ್ಕೊಡಲು ನಗರದ ಬಂಧುಗಳು ಬಂದರೆ ಅವರು 10 ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ ಪಡೆಯಬೇಕು, ಅದು ಎರಡು ಗಂಟೆ ಮಾತ್ರ ಸಲ್ಲುತ್ತದೆ.

ಊರಿಗೆ ಬಂದ ಮರುದಿನವೇ ಎಲ್ಲ ಸೀರೆಗಳನ್ನು ಬಿಲ್ಲಿನೊಂದಿಗೆ ತಾಳೆ ನೋಡಿ, ಮಡಿಕೆ ಬಿಚ್ಚಿ ಮತ್ತೊಮ್ಮೆ ಪರೀಕ್ಷಿಸಿ. ದೋಷ ಕಂಡರೆ ಚಿತ್ರ ತೆಗೆದು ಅಂದೇ ಅಂಗಡಿಗೆ ಫೋನ್ ಮಾಡಿ, ಬದಲಾವಣೆಯ ಅವಧಿಯೊಳಗೆ ಸೀರೆಯನ್ನು ಕಳುಹಿಸಿ. ಕುಚ್ಚು ಕಟ್ಟಿಸಿದ, ಫಾಲ್ ಹಚ್ಚಿಸಿದ ಸೀರೆಯನ್ನು ಯಾವ ಅಂಗಡಿಯವರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಈ ಪರೀಕ್ಷೆ ಮುಗಿಯುವವರೆಗೆ ಯಾವುದನ್ನೂ ದರ್ಜಿಗೆ ಕೊಡಬೇಡಿ.